ಒಳಗಿನ್ನೂ ಐತೆ

ಮೊಳಕಾಲ್ಮೂರಿನ ನಮ್ಮ ಮನೆಗೆ ಸೀರೆ ಕೇಳಿಕೊಂಡು ಬಂದವರನ್ನು ಅಜ್ಜಿ ಪಡಸಾಲೆ ದಾಟಲು ಬಿಡುತ್ತಿರಲಿಲ್ಲ. ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತು ಮೂರು ಮಾತು ಕೇಳುತ್ತಿದ್ದಳು. ಒಡಲು ಯಾವ ಬಣ್ಣ? ಅಂಚು ಎಂಥದು? ಉಡೋರು ಯಾರು? ಆಮೇಲೆ ಎದ್ದು ಒಳಕೋಣೆಗೆ ಹೋಗಿ, ಮರದ ಪೆಟ್ಟಿಗೆಯಿಂದ ಒಂದು ಸೀರೆ, ಬಹಳವೆಂದರೆ ಎರಡು, ಬಿಳಿ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು. ಚಳ್ಳಕೆರೆಯ ಬಟ್ಟೆ ಅಂಗಡಿಯವರು ಗುಡ್ಡೆ ಹಾಕಿ ತೋರಿಸುವುದನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. "ಎಲ್ಲಾ ಹರವಿದ್ರೆ ನೋಡೋರ ತಲೆನೂ ಕೆಡ್ತೈತೆ, ರೇಷ್ಮೆನೂ ಕೆಡ್ತೈತೆ" ಅನ್ನುತ್ತಿದ್ದಳು.

ಸೀರೆಯನ್ನು ಅವರ ಮಡಿಲಿಗೆ ಇಡುವಾಗ ಮಾತ್ರ ಒಂದು ಮಾತು ತಪ್ಪದೆ ಸೇರಿಸುತ್ತಿದ್ದಳು. "ನೀವು ಕೇಳಿದ್ದಕ್ಕೆ ಇದು. ಒಳಗಿನ್ನೂ ಐತೆ." ರಾಯದುರ್ಗದ ಕಡೆಯವರಾದರೆ ಅದನ್ನೇ ತೆಲುಗಿನಲ್ಲಿ, "ಲೋಪಲ ಇಂಕಾ ಉಂದಮ್ಮಾ" ಅನ್ನುತ್ತಿದ್ದಳು. ಅದು ವ್ಯಾಪಾರದ ಮಾತು ಅಂತಲೇ ನಾನು ತಿಳಿದಿದ್ದೆ.

ನನ್ನನ್ನು ಸಾಕಿದವರು ಅಜ್ಜಿ ಮತ್ತು ತಾತ. ಆ ಒಳಕೋಣೆಯಲ್ಲೇ ತಾತನ ಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಅವನು ಲಾಳಿ ಆಡಿಸುತ್ತಿದ್ದರೆ, ನಾನು ಗೋಡೆಗೆ ಒರಗಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಮಗ್ಗ ನಿಂತರೆ ನನ್ನ ಮಗ್ಗಿಯೂ ನಿಲ್ಲುತ್ತಿತ್ತು. ಎಳೆ ಹರಿದಾಗ ತಾತ ಗಂಟು ಹಾಕುವ ಆ ಸಣ್ಣ ಹೊತ್ತಿನ ಮೌನ, ಎಣ್ಣೆ ಕುಡಿದ ಮರದ ವಾಸನೆ, ಗಂಜಿಯ ವಾಸನೆ, ಇವೆಲ್ಲ ಈಗಲೂ ಒಮ್ಮೊಮ್ಮೆ ಕಾರಣವಿಲ್ಲದೆ ಮೂಗಿಗೆ ಬಡಿದು ನನ್ನನ್ನು ಅಳಿಸುತ್ತವೆ. ನಾಚಿಕೆಯೇನಿಲ್ಲ, ಅಳುತ್ತೇನೆ.

ಅಷ್ಟು ರೇಷ್ಮೆ ನೇಯ್ದ ಮನೆಯಲ್ಲಿ ನಾವು ಉಡುತ್ತಿದ್ದದ್ದು ಮಿಲ್ಲಿನ ಸೀರೆ. ಮಾರುವ ಸೀರೆಯನ್ನು ಮನೆಯವರು ಉಡಕೂಡದು ಅನ್ನುವುದು ಅಜ್ಜಿಯ ಕಟ್ಟುನಿಟ್ಟು. ನನಗೋ, ತಾತ ನೇಯ್ದದ್ದು ಒಂದೇ ಒಂದು ಸೀರೆ ನನ್ನದಾಗಬೇಕು ಅನ್ನುವ ಆಸೆ. ಹುಡುಗಿಯಾಗಿದ್ದಾಗ ಕೇಳಿ ಬೈಸಿಕೊಂಡೆ. ದೊಡ್ಡವಳಾದ ಮೇಲೆ ಬಾಯಿ ಬಿಡಲಿಲ್ಲ, ಆಸೆ ಮಾತ್ರ ಹೋಗಲಿಲ್ಲ.

ತಾತ ತೀರಿಕೊಂಡ. ಕುಣಿಯ ಮೇಲೆ ಹಲಗೆ ಮುಚ್ಚಿದರು. ಮಗ್ಗ ಬಿಚ್ಚಿದ ದಿನ ನಾನು ಊರಲ್ಲಿರಲಿಲ್ಲ. ಅದರ ಮೇಲೆ ಏನಿತ್ತು, ಏನಾಯಿತು ಅಂತ ಸಾವಿನ ಮನೆಯಲ್ಲಿ ಯಾರು ಕೇಳುತ್ತಾರೆ? ಅಜ್ಜಿ ಈಗ ಚಿಕ್ಕಪ್ಪನ ಸಂಸಾರದ ಜೊತೆ ಅದೇ ಮನೆಯಲ್ಲಿದ್ದಾಳೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಸೀರೆಗಳನ್ನು ಒಂದೊಂದಾಗಿ ಮಾರುತ್ತಾ ಬಂದಳು. ನಾನು ಭಾನುವಾರ ಹೋದಾಗಲೆಲ್ಲ ಪೆಟ್ಟಿಗೆಯ ಮುಚ್ಚಳದ ಕಡೆ ಕಣ್ಣು ಹೋಗುತ್ತಿತ್ತು. ಒಳಗೆ ಇನ್ನೆಷ್ಟು ಉಳಿದಾವು ಅನ್ನುವ ಹೆದರಿಕೆ.

ನನ್ನ ಕೆಲಸ ಚಳ್ಳಕೆರೆಯಲ್ಲಿ. ಸುತ್ತಲಿನ ಊರುಗಳಿಗೆ ಇಂಟರ್ನೆಟ್ ಕೊಡುವ ಒಂದು ಸಣ್ಣ ಕಚೇರಿ. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಾದ್ದರಿಂದ ಶೇಂಗಾ ಹಿಂಡಿಯ ವಾಸನೆಯಲ್ಲೇ ನಮ್ಮ ದಿನ ಕಳೆಯುತ್ತದೆ. ಅಲ್ಲಿನ ಮುಖ್ಯ ಯಂತ್ರದೊಳಗೆ ದಾರಿಗಳ ಒಂದು ಪಟ್ಟಿ ಇರುತ್ತದೆ. ಯಾವ ವಿಳಾಸಕ್ಕೆ ಹೋಗುವ ಮಾಹಿತಿ ಯಾವ ತಂತಿ ಹಿಡಿಯಬೇಕು ಎಂಬ ಪಟ್ಟಿ, ಲಕ್ಷಾಂತರ ಸಾಲು. ಅದನ್ನು ಇಟ್ಟುಕೊಂಡಿರುವುದು ಕರ್ನೆಲ್. ಕರ್ನೆಲ್ ಅಂದರೆ ಯಂತ್ರದ ಒಳಕೋಣೆ ಅನ್ನಿ. ಉಳಿದ ಪ್ರೋಗ್ರಾಮ್‌ಗಳು ಅಲ್ಲಿಗೆ ಕಾಲಿಡುವಂತಿಲ್ಲ, ಪಡಸಾಲೆಯಲ್ಲೇ ಕೂತು ಕೇಳಬೇಕು.

ಮೊದಲಿದ್ದ ಕರ್ನೆಲ್ ಬಟ್ಟೆ ಅಂಗಡಿಯ ಜಾತಿ. ಪರಶುರಾಂಪುರದ ತಂತಿಯಲ್ಲಿ ಹೋಗುವ ದಾರಿಗಳನ್ನಷ್ಟೇ ಕೊಡು ಅಂದರೂ ಇಡೀ ಪಟ್ಟಿ ತಂದು ಸುರಿಯುತ್ತಿತ್ತು. ಕೇಳಿದ ಪ್ರೋಗ್ರಾಮ್ ಅದನ್ನೆಲ್ಲ ಕೆದಕಿ, ಬೇಕಾದ ನಾಲ್ಕು ಸಾಲು ಹೆಕ್ಕಿ, ಉಳಿದದ್ದನ್ನು ಎಸೆಯಬೇಕು. ಪ್ರತಿ ಸಲ ಯಂತ್ರಕ್ಕೆ ಏದುಸಿರು. ಹೊಸ ಕರ್ನೆಲ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಯಾವ ತಂತಿ, ಯಾವ ಬಗೆಯ ದಾರಿ ಎಂದು ಕೇಳಿದರೆ ಅದು ಒಳಗೇ ಸೋಸಿ ಅಷ್ಟನ್ನೇ ಕೊಡುತ್ತದೆ. ಜೊತೆಗೆ ಉತ್ತರದ ಮೇಲೆ ಒಂದು ಸಣ್ಣ ಗುರುತನ್ನೂ ಹಾಕುತ್ತದೆ: ಇದು ಸೋಸಿ ಕೊಟ್ಟದ್ದು, ಇದೇ ಎಲ್ಲವೂ ಅಲ್ಲ.

ಹೋದ ವರ್ಷ ಆ ಗುರುತನ್ನು ನೋಡದೇ ಹೋದದ್ದರಿಂದ ರಾದ್ಧಾಂತವಾಯಿತು. ನನ್ನ ಜೊತೆ ಕೆಲಸ ಮಾಡುವವನು ಹಳೆಯ ದಾರಿಗಳನ್ನು ಗುಡಿಸಿ ಹಾಕಲು ಒಂದು ಪ್ರೋಗ್ರಾಮ್ ಬರೆದಿದ್ದ. ಕರ್ನೆಲ್ ಕೊಟ್ಟ ಉತ್ತರದಲ್ಲಿ ಯಾವ ದಾರಿ ಇಲ್ಲವೋ ಅದು ಸತ್ತಿದೆ ಎಂದು ತಿಳಿದು ಅಳಿಸಿಬಿಡುವುದು ಅದರ ಕೆಲಸ. ಅದು ಕೇಳಿದ್ದು ಪರಶುರಾಂಪುರದ ತಂತಿಯನ್ನು. ಬಂದ ಉತ್ತರದಲ್ಲಿ ಮೊಳಕಾಲ್ಮೂರು ಎಲ್ಲಿಂದ ಇರಬೇಕು? ಇಲ್ಲ ಅಂದುಕೊಂಡು ಮೊಳಕಾಲ್ಮೂರಿನ ದಾರಿಗಳನ್ನೆಲ್ಲ ಒರೆಸಿ ಹಾಕಿತು. ಮಧ್ಯಾಹ್ನ ಪೂರ್ತಿ ಊರಿಗೆ ಊರೇ ಕತ್ತಲು. ಫೋನಿನಲ್ಲಿ ಗಿರಾಕಿಗಳಿಗೆ ಸೀರೆ ತೋರಿಸುತ್ತಿದ್ದ ನೇಕಾರರು, ಅಂಚು ತೋರಿಸುವಷ್ಟರಲ್ಲಿ ಹೋಯ್ತಲ್ರೀ ಎಂದು ನಮ್ಮನ್ನು ಉಗಿದು ಉಪ್ಪಿನಕಾಯಿ ಹಾಕಿದರು. ನಾನು ಆ ಸಿಟ್ಟನ್ನು ಹಾಗೇ ಅವನ ಕಡೆ ದಾಟಿಸಿದೆ.

"ಉತ್ತರದ ಮೇಲೆ ಗುರುತು ಐತಲ್ಲಪ್ಪ, ಸೋಸಿ ಕೊಟ್ಟಿದ್ದು ಅಂತ. ನೋಡ್ಲಿಲ್ವಾ?"

"ಆ ಗುರುತು ಯಾರು ನೋಡ್ತಾರೆ ಮೇಡಂ?" ಅಂದ, ಪಾಪ, ನಿಜವಾಗಿಯೇ ಕೇಳಿದ.

ದಾರಿಗಳನ್ನು ವಾಪಸ್ ಹಾಕಿ, ಗುರುತಿದ್ದರೆ ಏನನ್ನೂ ಅಳಿಸಬೇಡ ಎಂದು ಎರಡು ಸಾಲು ಸೇರಿಸಿದೆ. ಕೆಲಸ ಮುಗಿಯಿತು. ಆದರೆ ಅವನ ಮಾತು ತಲೆಯಲ್ಲಿ ಹುಳ ಬಿಟ್ಟಿತು. ಯಾಕೆಂದರೆ ಅದರ ಹಿಂದಿನ ಭಾನುವಾರವಷ್ಟೇ ನಾನು ಅಜ್ಜಿಯ ಮೇಲೆ ಮುನಿಸಿಕೊಂಡು ಬಂದಿದ್ದೆ. ಅವತ್ತು ಅವಳು ಒಬ್ಬ ಹೆಂಗಸಿಗೆ ಸೀರೆ ತರಲು ಪೆಟ್ಟಿಗೆ ತೆರೆದಾಗ ನಾನು ಹಿಂದೆಯೇ ನಿಂತಿದ್ದೆ. ಆ ಸೀರೆ ಎತ್ತಿದ ಮೇಲೆ ಪೆಟ್ಟಿಗೆಯ ತಳ ಕಾಣಿಸಿತು. ಒಣಗಿದ ಬೇವಿನ ಎಲೆ ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿ ಮಾತ್ರ ಪಡಸಾಲೆಗೆ ಬಂದು, ಮುಖ ಒಂದಿಷ್ಟೂ ಬದಲಿಸದೆ, "ಒಳಗಿನ್ನೂ ಐತೆ" ಅಂದಳು. ಕೊನೆಯದನ್ನು ಮಾರುವಾಗಲೂ ಸುಳ್ಳೇ ಅಂತ ನನಗೆ ಕೆಟ್ಟ ಕೋಪ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದೆ.

ಮುಂದಿನ ಭಾನುವಾರ ಮತ್ತೆ ಹೊರಟೆ. ತಳಕು ದಾಟಿ, ನಮ್ಮ ತಾಲ್ಲೂಕಿನ ಹಾನಗಲ್ಲಿನಲ್ಲಿ ಬಸ್ಸು ಖಾಲಿಯಾಗಿ, ಬಂಡೆಗುಡ್ಡಗಳು ಹತ್ತಿರವಾಗುವವರೆಗೂ ನನ್ನದು ಒಂದೇ ಯೋಚನೆ. ನಮ್ಮಜ್ಜಿ ಬೈತಾಳೆ, ಜಗಳ ಆಡ್ತಾಳೆ, ಹಟ ಮಾಡ್ತಾಳೆ. ಸುಳ್ಳು ಹೇಳಿದ್ದನ್ನು ನಾನು ಯಾವತ್ತು ಕಂಡಿದ್ದೇನೆ? ಹಾಗಾದರೆ ಅವಳ ಆ ಮಾತೂ ನಾನು ನೋಡದೆ ಬಿಟ್ಟ ಗುರುತೇ?

ಪಡಸಾಲೆಯಲ್ಲಿ ಅವಳೊಬ್ಬಳೇ ಕೂತು ಶೇಂಗಾ ಸುಲಿಯುತ್ತಿದ್ದಳು. ಗಿರಾಕಿಯ ಹಾಗೆ ಎದುರಿಗೆ ಚಾಪೆಯ ಮೇಲೆ ಕೂತೆ.

"ಕೋಪ ಇಳೀತೇನಮ್ಮಾ?" ಅಂದಳು.

"ಅಜ್ಜಿ, ಒಳಗೆ ಏನೈತೆ?"

"ಯಾವ ಬಣ್ಣದ್ದು?"

"ಬಣ್ಣ ಬೇಡ, ಅಂಚು ಬೇಡ. ಏನೈತೋ ಅದೆಲ್ಲಾ ತೋರ್ಸು."

ಅವಳು ಕೈಯ ಸಿಪ್ಪೆ ಕೊಡವಿ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳದ ಸದ್ದು ಬರಲಿಲ್ಲ. ಮೂಲೆಯಲ್ಲಿ ಏನೋ ಎಳೆದಾಡಿ, "ಬಾರೇ, ಕೈ ಹಿಡಿ" ಎಂದು ಕೂಗಿದಳು.

ಹಳೇ ದುಪ್ಪಟಿ ಸುತ್ತಿ ಮೂಲೆಗೆ ನಿಲ್ಲಿಸಿದ್ದ ಮರದ ದಿಂಡು. ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ದಿಂಡು ಅದು. ವರ್ಷಗಟ್ಟಲೆ ನಾನು ಬಂದ ಕೂಡಲೇ ಬ್ಯಾಗು ತಗುಲಿಸುತ್ತಿದ್ದದ್ದು ಅದಕ್ಕೇ. ಇಬ್ಬರೂ ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದೆವು. ಅಜ್ಜಿ ದುಪ್ಪಟಿ ಬಿಚ್ಚಿ ದಿಂಡನ್ನು ಉರುಳಿಸಿದಳು. ಯಾರಿಗೂ ಎಲ್ಲವನ್ನೂ ಹರವದವಳು ಅವತ್ತು ಗೋಡೆಯಿಂದ ಬಾಗಿಲವರೆಗೂ ಹರವಿದಳು. ಬದನೆಹೂವಿನ ಬಣ್ಣದ ಒಡಲು, ರುದ್ರಾಕ್ಷಿ ಅಂಚು. ತಾತನ ಕೈ. ಅಂಚಿನ ಬಿಗಿ ನೋಡಿದರೇ ಗೊತ್ತಾಗುತ್ತಿತ್ತು. ತಾತ ಸೆರಗನ್ನು ಯಾವಾಗಲೂ ಕೊನೆಗೆ ನೇಯುತ್ತಿದ್ದ. ಇದರಲ್ಲಿ ಸೆರಗು ಬರಬೇಕಾದ ಕಡೆ ಬರೀ ಎಳೆಗಳು ಜೋತಾಡುತ್ತಿದ್ದವು.

"ಸೆರಗಿಲ್ಲದ ಸೀರೆ ಯಾರು ಕೇಳ್ತಾರೆ?" ಅಂದಳು ಅಜ್ಜಿ. "ಇದು ಮಾರೋ ಸೀರೆ ಅಲ್ಲ. ಅದಕ್ಕೇ ಇಟ್ಕೊಂಡೆ."

"ನನಗೆ ಹೇಳಬಾರದಿತ್ತಾ?"

"ನೀನು ಅಲ್ಲಿ ಕೂತಿದ್ದಾಗೆಲ್ಲ ಹೇಳಿದ್ನಲ್ಲೇ, ಒಳಗಿನ್ನೂ ಐತೆ ಅಂತ. ಮುಗೀದೇ ಇರೋದನ್ನ ನೀನಾಗೇ ಬೇಕು ಅನ್ನದೆ ಹೆಂಗೆ ಕೊಡ್ಲಿ? ಒಲ್ಲೆ ಅಂದುಬಿಟ್ಟಿದ್ರೆ?"

ನಾನು ಜೋತಾಡುತ್ತಿದ್ದ ಎಳೆಗಳನ್ನು ಸವರುತ್ತಾ ಕೂತೆ. ಅಜ್ಜಿ ಸೀರೆಯ ಆ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರಿಗೂ ಸೀರೆ ತರುವ ಮೊದಲೇ ಕೇಳುವ ಮಾತನ್ನು ನನಗೆ ಕೊನೆಗೆ ಕೇಳಿದಳು.

"ಉಡೋರು ಯಾರು?"

"ನಾನೇ ಅಜ್ಜಿ."

ಅವಳು ಕಣ್ಣು ಒರೆಸಿಕೊಂಡು, ಶೇಂಗಾದ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ಹಂಗಾದ್ರೆ ಒಳಗೆ ಇನ್ನೇನೂ ಇಲ್ಲಮ್ಮ" ಅಂದಳು.