ನರ್ಸಮ್ಮ ಕಟ್ಟಿದ ಕಸಿ

ನಮ್ಮ ನರ್ಸಮ್ಮನ ಬೆರಳ ತುದಿಗಳನ್ನು ಬಿಸಿಲಿಗೆ ಹಿಡಿದರೆ ಮಿನುಗುತ್ತಿದ್ದವು. ಕೂದಲಿಗಿಂತ ತೆಳುವಾದ ಹೊಂಬಣ್ಣದ ಮುಳ್ಳುಗಳು ಚರ್ಮದಲ್ಲಿ ನಾಟಿಕೊಂಡಿರುತ್ತಿದ್ದವು. ಬೆಳಿಗ್ಗೆ ಹಳೇಬೀಡಿನ ಆಸ್ಪತ್ರೆಗೆ ಹೊರಡುವ ಮುಂಚೆ, ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಬೆರಳಿಗೆ ಸುತ್ತಿ ಸರ್ರನೆ ಕೀಳುವರು. ಮುಳ್ಳೆಲ್ಲ ಅದರ ಜೊತೆಗೆ ಬಂದುಬಿಡುತ್ತಿತ್ತು. “ಮಕ್ಕಳಿಗೆ ಚುಚ್ಚೋಕೆ ಗೌರ್ಮೆಂಟ್ ಸೂಜಿ ಒಂದೇ ಸಾಕು ಕಣಕ್ಕ, ನಂದೂ ಸೇರಿದ್ರೆ ಅವುಗಳ ಗತಿ ಏನು?” ಎನ್ನುವರು.

ಬಸ್ತಿಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದವರು ಅವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ತಂದದ್ದು ಒಂದು ಟ್ರಂಕು, ಒಂದು ಸ್ಟೌ. ಉಳಿದದ್ದೆಲ್ಲ ಕಳ್ಳಿ ಗಿಡದ ಕುಂಡಗಳು, ಅಂಗೈಯಲ್ಲಿ ಹಿಡಿಸುವಂಥವು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೆ ನನ್ನ ಮೊಮ್ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ, ಬಿದ್ದರೆ ತಾನೇ ಚಪ್ಪಾಳೆ ತಟ್ಟಿಕೊಂಡು ನಗುತ್ತಾಳೆ. ಅವಳನ್ನು ನೋಡಿದರೆ ನನ್ನ ಖುಷಿ ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತದೆ. ಅದರ ಹಿಂದೆಯೇ ಸಿಟ್ಟೂ ಉಕ್ಕುತ್ತದೆ. ಯಾಕೆಂದರೆ ನಮ್ಮ ಯಜಮಾನರು ಕಂಡಕಂಡವರ ಮುಂದೆ, “ಬಾಗಿಲಿಗೆ ಕಳ್ಳಿ ತಲೆಕೆಳಗೆ ಕಟ್ಟಿದೆ ನೋಡಿ, ದೃಷ್ಟಿ ಹೋಯ್ತು, ಮಗು ಬಂತು” ಎಂದು ಹೇಳಿಕೊಂಡು ತಿರುಗಿದರು. ಸುಳ್ಳು! ಆ ಮಗು ಬಂದದ್ದು ನರ್ಸಮ್ಮನಿಂದ. ಅದನ್ನು ಬರೆಯಬೇಕು ಎಂದೇ ಕೂತಿದ್ದೇನೆ.

ನರ್ಸಮ್ಮನ ಹತ್ತಿರ ಎರಡು ಪ್ರೀತಿಯ ಕಳ್ಳಿಗಳಿದ್ದವು. ಬಿಳಿ ಹೂವಿನದು ಸಂಜೆ ಅರಳಿ ಮಾರನೆಯ ದಿನ ಬಿಸಿಲೇರುವ ತನಕ ನಿಲ್ಲುತ್ತಿತ್ತು. ಕೆಂಪು ಹೂವಿನದು ಬೆಳಿಗ್ಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತಿತ್ತು. ಎರಡೂ ಒಟ್ಟಿಗೆ ಕಣ್ಣು ಬಿಟ್ಟಿರುವುದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ. ಅಂಥ ಒಂದು ಬೆಳಿಗ್ಗೆ, ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಕೆಂಪು ಹೂವಿನ ಪುಡಿ ತೆಗೆದು ಬಿಳಿಯದಕ್ಕೆ ಸವರುತ್ತಿದ್ದರು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ.

“ಏನ್ ನರ್ಸಮ್ಮ, ಮದುವೆ ಮಾಡಿಸ್ತಿದ್ದೀರಾ?”

“ಹೂಂ ಕಣಕ್ಕ. ಗಂಡು ಹಗಲು ಎದ್ದಿರ್ತಾನೆ, ಹೆಣ್ಣು ರಾತ್ರಿ. ಮುಖ ನೋಡ್ಕೊಳ್ಳೋಕೂ ಪುರುಸೊತ್ತಿಲ್ಲ, ನಮ್ಮೂರ ಸಂಸಾರದ ಥರಾನೇ. ಹುಟ್ಟೋ ಕೂಸಿನ ಹೂವು ಯಾವ ಬಣ್ಣವೋ, ಯಾವ ಹೊತ್ತಿಗೆ ಅರಳುತ್ತೋ, ಅದನ್ನ ಒಂದ್ಸಲ ನೋಡ್ಬೇಕು ನಾನು. ಅಷ್ಟೇ.”

ಕಾಯಿ ಮಾಗಿತು. ರಾಗಿಗಿಂತ ಸಣ್ಣ ಕರಿ ಬೀಜಗಳು. ಸ್ವೀಟಿನ ಡಬ್ಬಿಯಲ್ಲಿ ಜರಡಿ ಹಿಡಿದ ಮರಳು ಹಾಕಿ ಬಿತ್ತಿ, ಮುಚ್ಚಳ ಮುಚ್ಚಿದರು. ಹಸಿರು ಮಣಿಗಳಂತೆ ಮೊಳೆತವು. ಆಮೇಲೆ ಬೂಷ್ಟು ಬಂದು ಒಂದೊಂದೇ ಕರಗಿದವು, ಉಳಿದದ್ದು ಒಂದೇ ಸಸಿ. ಅದು ಸ್ವಂತ ಬೇರಿನಲ್ಲಿ ಬೆಳೆದು ಹೂ ಬಿಡಲು ವರ್ಷಗಟ್ಟಲೆ ಬೇಕು. ಅದಕ್ಕೇ ಕಸಿ.

ಹುಲಿಕೆರೆ ಕಡೆಯ ತೋಟವೊಂದರಿಂದ ಡ್ರ್ಯಾಗನ್ ಹಣ್ಣಿನ ಗಿಡದ ಕಾಂಡ ತಂದು ಬೇರು ಬರಿಸಿದ್ದರು. ಹೊಸ ಬ್ಲೇಡನ್ನು ಸ್ಪಿರಿಟಿನಲ್ಲಿ ಒರೆಸಿ ಕಾಂಡದ ತಲೆಯನ್ನು ಸಪಾಟಾಗಿ ಕೊಯ್ದರು. ಸಸಿಯನ್ನು ಸೊಂಟಕ್ಕೆ ಕೊಯ್ದು ಅದರ ಮೇಲೆ ಕೂರಿಸಿದರು. ಕೊಯ್ದ ಕಾಂಡದ ನಡುವೆ ಬಳೆಯಂಥ ಒಂದು ಗುರುತಿರುತ್ತದೆ. ಸಸಿಯ ನಡುವೆಯೂ ಇರುತ್ತದೆ. ಲೋಳೆ ಆರುವುದರೊಳಗೆ ಬಳೆಗೆ ಬಳೆ ತಾಗಬೇಕು, ಇಲ್ಲವಾದರೆ ಹಿಡಿಯುವುದಿಲ್ಲ. “ಮೇಲೆ ಉಸಿರು ಬಿಡಬೇಡ್ರೀ!” ಎಂದು ನನಗೇ ಗದರಿದರು. ಹಿಡಿಯಿತು. ಮುಂದಿನ ವರ್ಷಕ್ಕೆ ಆ ಕಾಳಿನಷ್ಟು ಜೀವ ನಿಂಬೆಹಣ್ಣಿನ ಗಾತ್ರ ಆಗಿತ್ತು.

ಈಗ ನನ್ನ ಮಗಳ ವಿಷಯ. ಮದುವೆಯಾಗಿ ವರ್ಷಗಳು ಕಳೆದರೂ ಅವಳಿಗೆ ಮಗುವಾಗಿರಲಿಲ್ಲ. ಪಕ್ಕದ ಮನೆಯಾಕೆ ಒಂದು ದಿನ ನರ್ಸಮ್ಮನ ಎದುರಿಗೇ, “ಮುಂಬಾಗಿಲಲ್ಲೇ ಮುಳ್ಳು ಸಾಕ್ಕೊಂಡ್ರೆ ತೊಟ್ಟಿಲು ಎಲ್ಲಿಂದ ತೂಗುತ್ತೆ?” ಎಂದಳು. ಮಕ್ಕಳಿಲ್ಲದ ಹೆಂಗಸಿನ ಎದುರಿಗೆ ಆಡುವ ಮಾತೇ ಅದು? ನರ್ಸಮ್ಮ ತಲೆಯನ್ನೂ ಎತ್ತಲಿಲ್ಲ. “ನಿಮ್ಮನೆ ಮುಂದೆ ಮಲ್ಲಿಗೆ ಬಳ್ಳಿ ಐತಲ್ರೀ, ನಿಮ್ಮ ಬಾಯಿ ಯಾಕೆ ಹಿಂಗೈತೆ?”

ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು. “ಮಗಳಿಗೆ ಹರಕೆ ಹೊರಿಸಿದ್ದು ಸಾಕು. ಅಳಿಯನನ್ನೂ ಕಳಿಸಿ. ಇಬ್ಬರನ್ನೂ ಹಾಸನಕ್ಕೆ ಕರ್ಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸ್ತೀನಿ.”

“ಗಂಡಸಿಗೆಂಥಾ ಟೆಸ್ಟು!” ಎಂದು ಯಜಮಾನರು ಒಳಗಿನಿಂದಲೇ ಕೂಗಿದರು.

“ಗಂಡಸೇನು ಕಲ್ಲಲ್ಲಿ ಕೆತ್ತಿರೋ ಬೊಂಬೇನಾ ಯಜಮಾನ್ರೇ? ಅವನದ್ದೂ ಮೈಯೇ ಅಲ್ವಾ?”

ರಜೆ ಹಾಕಿ ಅವರೇ ಬಸ್ಸಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದರು. ತೊಂದರೆ ಇದ್ದದ್ದು ಅಳಿಯನಲ್ಲಿ, ಔಷಧಿಗೆ ಬಗ್ಗುವಂಥದ್ದು. ನಮ್ಮವರು ಊರಿಗೆಲ್ಲ ಕಳ್ಳಿಯ ಕಥೆ ಹೇಳಿದ್ದು ಇದನ್ನು ಮುಚ್ಚುವುದಕ್ಕೂ ಹೌದು. “ನಾಚಿಕೆ ಏನಿದೆ, ಬರೀರಿ ಅತ್ತೆ” ಎಂದು ಅಳಿಯನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಅವರು ಹಾಸನದಲ್ಲಿದ್ದಾಗ ಇಲ್ಲಿ ಏನಾಯಿತು ಕೇಳಿ. ಆ ಕಸಿ ಕಳ್ಳಿಗೆ ಆಗಷ್ಟೇ ಮೊದಲ ಮೊಗ್ಗು ಬಂದಿತ್ತು, ಮೈತುಂಬ ಬೂದು ಕೂದಲಿನ ಮೊಗ್ಗು. ಬಾವಿಯ ಮೋಟಾರು ಸುಟ್ಟಿತ್ತೆಂದು ನಾನು ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದೆ. ಬಂದು ನೋಡಿದರೆ ನಮ್ಮ ಯಜಮಾನರು ಕುಂಡ ಒಡೆದು ಗಿಡವನ್ನು ಕಿತ್ತಿದ್ದಾರೆ, ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ಬಾಗಿಲ ಮೇಲೆ ತಲೆಕೆಳಗೆ ಕಟ್ಟಿದ್ದಾರೆ! ನಾನು ಬಿಚ್ಚಲು ಹೋದರೆ, “ಮುಟ್ಟಿದ್ರೆ ನಿನ್ನ ಮಗಳಿಗೇ ತಗಲುತ್ತೆ” ಎಂದು ಬಾಯಿ ಮುಚ್ಚಿಸಿದರು. ಮಾರನೆಯ ಸಂಜೆ ನರ್ಸಮ್ಮ ಬಂದರು. ಗಿಡ ತೂಗಾಡುತ್ತಿತ್ತು. ಮೊಗ್ಗು ಮಾತ್ರ ಕತ್ತು ತಿರುಗಿಸಿಕೊಂಡು ಆಕಾಶ ನೋಡುತ್ತಿತ್ತು.

“ಯಾರು ಕಟ್ಟಿದ್ದು ಇದನ್ನ?”

“ನಾನೇ ನರ್ಸಮ್ಮ” ಎಂದರು ಯಜಮಾನರು, ದೊಡ್ಡ ಉಪಕಾರ ಮಾಡಿದವರ ಹಾಗೆ. “ಮುಳ್ಳಿನ ಗಿಡ ನೆಟ್ಟಗೆ ನಿಂತ್ರೆ ಮನೆಗೆ ಚುಚ್ಚುತ್ತಂತೆ, ತಲೆಕೆಳಗೆ ಕಟ್ಟಿದ್ರೆ ದೃಷ್ಟಿಗೆ ಚುಚ್ಚುತ್ತಂತೆ. ಬೇಲೂರಿನೋರೊಬ್ರು ಹೇಳಿದ್ರು. ಇರೋದ್ರಲ್ಲಿ ಚೆನ್ನಾಗಿರೋದನ್ನೇ ಆರಿಸಿ ಕಟ್ಟಿದ್ದೀನಿ.”

“ಚೆನ್ನಾಗಿರೋದನ್ನೇ ಆರಿಸಿದ್ರಾ? ನಿಮ್ಮ ಮಗಳಿಗೋಸ್ಕರ ನಾನು ಡಾಕ್ಟರ ಬಾಗಿಲು ಕಾಯ್ತಾ ಕೂತಿದ್ರೆ, ನೀವಿಲ್ಲಿ ನನ್ನ ಕೂಸಿನ ಕತ್ತಿಗೆ ಹಗ್ಗ ಹಾಕಿದ್ರಾ?”

ಸ್ಟೂಲು ಹತ್ತಿ ತಾವೇ ಬಿಚ್ಚಿದರು. ಹಗ್ಗ ಸರಿಯಾಗಿ ಕಸಿಯ ಬೆಸುಗೆಯ ಮೇಲೇ ಕೂತು ತಲೆ ಅರ್ಧ ಕಳಚಿತ್ತು. ಬೈಯುತ್ತಲೇ ಬೇರೊಂದು ಕಾಂಡ ತಂದರು, ಬ್ಲೇಡು ತಂದರು. ಬಾಯಿ ಬೈಯುತ್ತಿತ್ತು, ಕೈ ಬಳೆಗೆ ಬಳೆ ಕೂರಿಸುತ್ತಿತ್ತು. ಕಟ್ಟಿ ಮುಗಿಸಿ ಮೊಗ್ಗನ್ನು ನೋಡುತ್ತಾ ಕೂತುಬಿಟ್ಟರು.

“ಇದು ಇದ್ರೆ ಇರೋ ಸತ್ವ ಎಲ್ಲ ಇದೇ ಕುಡಿಯುತ್ತೆ ಅಕ್ಕ. ಗಿಡ ಉಳಿಯಲ್ಲ.”

ಕೊಯ್ದರು. ಕೊಯ್ದದ್ದನ್ನು ಎಸೆಯಲಿಲ್ಲ, ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದು ನೋಡಿದರು. ಒಳಗೆ ಇನ್ನೂ ಬಣ್ಣ ಬಂದಿರಲಿಲ್ಲ.

ನನ್ನ ಸಿಟ್ಟು ಯಜಮಾನರೊಬ್ಬರ ಮೇಲಲ್ಲ, ನರ್ಸಮ್ಮನ ಮೇಲೂ ಇದೆ. ಊರ ಹೆಂಗಸರನ್ನೆಲ್ಲ “ತೋರಿಸ್ಕೊಳ್ರೇ, ತೋರಿಸ್ಕೊಳ್ರೇ” ಎಂದು ಬೈದು ಅಟ್ಟುತ್ತಿದ್ದವರು ತಮ್ಮ ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಗೊತ್ತಾದಾಗ ಹೊತ್ತು ಮೀರಿತ್ತು. ಗಿಡಗಳನ್ನು ನನಗೆ ಒಪ್ಪಿಸಿ ಅರಸೀಕೆರೆಯ ತಮ್ಮನ ಮನೆಗೆ ಹೋದರು. ಮಗಳು ಬಸುರಿಯಾದ ಸುದ್ದಿ ಹೊತ್ತು ನಾನು ನೋಡಲು ಹೋದೆ. ಕೈ ಹಿಡಿದುಕೊಂಡು ನಕ್ಕರು. ಬೆರಳುಗಳು ನುಣ್ಣಗಿದ್ದವು.

“ಮೊಗ್ಗು ಬಂತಾ?”

“ಇನ್ನೂ ಇಲ್ಲ.”

“ಬಂದ್ರೆ ನಿಮ್ಮನೆಯೋರ ಕಣ್ಣಿಗೆ ಬೀಳದ ಹಾಗೆ ಇಡಿ.”

ಮಗುವನ್ನೂ ನೋಡಲಿಲ್ಲ, ಹೂವನ್ನೂ ನೋಡಲಿಲ್ಲ. ಹೋಗಿಬಿಟ್ಟರು. ಏನವಸರವಿತ್ತು?

ಹೂವು ಅರಳಿದ್ದು ಈ ಬೇಸಿಗೆಯಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ. ಮಾಗಿದ ಪರಂಗಿ ಹಣ್ಣಿನ ಬಣ್ಣ, ಗಂಟಲು ಮಾತ್ರ ಬಿಳಿ. ನಾನು ಮೈಮರೆತು ಮುಂದಿನ ಕೋಣೆಯ ಕಡೆಗೆ, “ನರ್ಸಮ್ಮ, ಬನ್ರೀ ಹೊರಗೆ!” ಎಂದು ಕೂಗಿಬಿಟ್ಟೆ. ಹೊರಗೆ ಬಂದವರು ಯಜಮಾನರು, ಸೊಂಟದ ಮೇಲೆ ಮೊಮ್ಮಗಳು. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. “ಮಗು ಕೊಡ್ತು ಅಂತಿದ್ರಲ್ಲ ಯಜಮಾನ್ರೇ, ಆ ಗಿಡ ಇದೇನಾ?”

ಅವರು ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡುತ್ತಾ, “ಗಿಡ ಎಲ್ಲಿ ಮಗು ಕೊಡುತ್ತಮ್ಮ. ಆ ನರ್ಸಮ್ಮ ಹಾಸನಕ್ಕೆ ಓಡಾಡಿದ್ರು. ಇದನ್ನ ನಾನು ಹಾಳು ಮಾಡಿದ್ದೆ, ಅವರೇ ಮತ್ತೆ ಕಟ್ಟಿ ಉಳಿಸಿದ್ರು” ಎಂದು ಗೊಣಗಿದರು.

“ಕೇಳಿಸ್ಲಿಲ್ಲ” ಎಂದೆ ನಾನು. “ಎದ್ದು ನಿಂತ್ಕೊಂಡು ಜೋರಾಗಿ ಹೇಳಿ.”