ಕಾಕಾನ ರೀಲು ಬಿಗಿದುಕೊಂಡದ್ದು

ಬೈಲಹೊಂಗಲದ ಭೀಮಶಿ ಮಾಮಾ ತನ್ನ ಲೇಥ್ ಅಂಗಡಿಯಲ್ಲಿ, ಕುದಿಯುವ ನೀರಿನ ಡಬ್ಬಿಯೊಳಗೆ ಗಾಳದ ಕೋಲಿನ ಆ ಹಿತ್ತಾಳೆಯ ರೀಲನ್ನು ಇಳಿಬಿಟ್ಟಾಗ ಮೇಲೆದ್ದು ಬಂದದ್ದು ಲೋಹದ ವಾಸನೆಯಲ್ಲ, ಹಳೆಯ ಕುಸುಬಿ ಎಣ್ಣೆಯ ವಾಸನೆ. ತಳದಲ್ಲಿ ಜಿಡ್ಡುಗಟ್ಟಿದ ಎಣ್ಣೆಗಿಂಡಿ, ಮುನವಳ್ಳಿಯ ನಮ್ಮ ಮನೆಯ ಅಡುಗೆಕೋಣೆ, ಅಪ್ಪನ ಅವ್ವ, ನಮ್ಮ ಆಯಿಯ ಸೀರೆಯ ಸೆರಗು ಎಲ್ಲವೂ ಆ ಹಬೆಯೊಳಗಿದ್ದವು. ನಿಮ್ಮ ಬಾಲ್ಯದಲ್ಲೂ ಇಂಥ ಒಂದು ವಾಸನೆ ಇದ್ದೀತು. ಅದು ಬಂದರೆ ನಿಮಗೆ ಕಣ್ಣು ತುಂಬಬಹುದು. ನನಗೆ ಮಾತ್ರ ಬೆನ್ನು ತಣ್ಣಗಾಯಿತು. ಹದಿನಾರು ವರ್ಷದಿಂದ ನಾನು ಹೆದರಿಕೊಂಡು ಬಂದದ್ದು ಇದೇ ವಾಸನೆಗೆ.

ಕಾಕಾ ನನ್ನ ಅಪ್ಪನ ತಮ್ಮ. ನವಿಲುತೀರ್ಥದ ಅಣೆಕಟ್ಟಿನ ಗೇಟುಗಳಿಗೆ ಗ್ರೀಸ್ ಹಚ್ಚುವ ಕೆಲಸ ಅವನದು. ನಿವೃತ್ತರಾಗಿ ಊರು ಬಿಟ್ಟುಹೋದ ಇಂಜಿನಿಯರೊಬ್ಬರು ಅವನಿಗೆ ಗಾಳದ ಕೋಲನ್ನೂ ಈ ರೀಲನ್ನೂ ಕೊಟ್ಟಿದ್ದರಂತೆ. ಅಂಗೈಯಗಲದ ಹಿತ್ತಾಳೆ ತಟ್ಟೆ, ನಡುವೆ ಉಕ್ಕಿನ ಅಚ್ಚು, ಅದರ ಮೇಲೆ ತಿರುಗುವ ದಾರದ ಗಾಲಿ, ತುದಿಗೆ ಕಟ್ಟಿಗೆಯ ಪುಟ್ಟ ಹಿಡಿಕೆ. ತಿರುಗಿಸಿದರೆ ಕಿರ್ರೆಂದು ಜೀರುಂಡೆಯ ಹಾಗೆ ದನಿ ಮಾಡುತ್ತಿತ್ತು. ಲಿಂಗ ಕಟ್ಟಿಕೊಂಡ ನಮ್ಮ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುವಂತಿರಲಿಲ್ಲ. ಕಾಕಾ ಹಿಡಿದ ಮೀನನ್ನೆಲ್ಲ ಮತ್ತೆ ನೀರಿಗೇ ಬಿಡುತ್ತಿದ್ದ. “ತಿನ್ನಾಕಲ್ಲ, ಮಾರಾಕಲ್ಲ. ಅದರ ಬಾಯಿ ಹರದು ಕಳಸಾಕ ಅಷ್ಟದೂರ ಹೊಕ್ಕಿಯೇನೋ?” ಎಂದು ಆಯಿ ಚುಚ್ಚುತ್ತಿದ್ದಳು. “ಮಾತಾಡ್ಸಿ ಬರತೇನಿ ಬೇ, ಅಷ್ಟ,” ಎಂದು ಕಾಕಾ ನಗುತ್ತಿದ್ದ. ರೀಲು ಹೊಸ್ತಿಲು ದಾಟಬಾರದೆಂದು ಆಯಿಯ ಕಟ್ಟಪ್ಪಣೆ. ಅದಕ್ಕೆ ಹೊರಗಿನ ಗೋಡೆಯ ಗೂಡೇ ಗತಿ. ನಾನು ಸಾಲೆಯ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಅವನು ಹಿಡಿದು ಬಿಟ್ಟ ಮೀನುಗಳಿಗೆ ಒಂದೊಂದು ಗೀಟು ಎಳೆಯುತ್ತಿದ್ದೆ. ಸಂಜೆ ಸೈಕಲ್ಲಿನಿಂದ ಇಳಿಯುತ್ತಲೇ ಅವನು, “ಲೆಕ್ಕದಾಕಿ, ಬರ್ಕೊ, ಇವತ್ತ ಎರಡು,” ಎನ್ನುತ್ತಿದ್ದ. ಅವನ ಕೈಗೆ ಅಣೆಕಟ್ಟಿನ ಕಪ್ಪು ಗ್ರೀಸಿನ ವಾಸನೆ ಇರುತ್ತಿತ್ತು.

ನನಗಾಗ ಎಂಟು ವರ್ಷ. ಬೇಸಿಗೆ ರಜೆಯ ಮೂರನೆಯ ದಿನ, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಅಡುಗೆಕೋಣೆಯಿಂದ ಕುಸುಬಿ ಎಣ್ಣೆಯ ಗಿಂಡಿ ತಂದು ರೀಲಿನ ಬದಿಯ ಸಣ್ಣ ತೂತಿಗೆ ಸುರಿದೆ. ಹೊಲಿಗೆ ಮಷೀನಿಗೆ ಅವ್ವ ಎಣ್ಣೆ ಬಿಡುವುದನ್ನು ನೋಡಿದ್ದೆ. ಕಾಕಾನಿಗೆ ಸಂತೋಷವಾಗಲೆಂದು ಹಾಗೆ ಮಾಡಿದೆ. “ಎಣ್ಣೆ ಹಾಕಿದೆ” ಎಂದು ಪುಸ್ತಕದಲ್ಲಿ ಬರೆದೂ ಇಟ್ಟೆ. ಯಾರಿಗೂ ಹೇಳಲಿಲ್ಲ. ಶ್ರಾವಣದಲ್ಲಿ ಹಿನ್ನೀರು ಏರಿತು. ಒಂದು ಸಂಜೆ ಸೈಕಲ್ಲು ಬರಲಿಲ್ಲ. ಮರುದಿನ ಕಾಕಾನನ್ನು ಮಂದಿ ಹೊತ್ತು ತಂದರು, ಜೊತೆಗೆ ರೀಲನ್ನೂ. ಅಂಗಳದ ತುಂಬ ಒದ್ದೆ ಕಾಲುಗಳು, ಅವುಗಳ ನಡುವೆ ಯಾರದೋ ದನಿ: “ರೀಲ ಬಿಗಿದಿತ್ತಂತ. ಬಿಡಿಸಾಕಂತ ನೀರಿಗಿಳದಾನ.” ನಾನು ಜೋಳದ ಚೀಲಗಳ ಹಿಂದೆ ಹೋಗಿ ಕುಳಿತೆ. ಕೈಗಳನ್ನು ಮೂಸಿ ನೋಡಿಕೊಂಡೆ. ನಾಲ್ಕು ತಿಂಗಳ ಹಿಂದಿನ ಎಣ್ಣೆ ಇನ್ನೂ ವಾಸನೆ ಹೊಡೆಯುತ್ತಿದೆ ಎನಿಸಿತು. ಅಂದಿನ ಪುಟದಲ್ಲಿ ನಲವತ್ತೊಂದು ಗೀಟುಗಳಿದ್ದವು, ಆಮೇಲೆ ಎಳೆಯಲಿಲ್ಲ.

ಆ ವರ್ಷವೇ ಮನೆ ಮಾರಿದೆವು. ಅಪ್ಪ ನಮ್ಮನ್ನು ಬೈಲಹೊಂಗಲಕ್ಕೆ ಕರೆತಂದ. ಆಯಿ ತನ್ನ ಟ್ರಂಕು ಎತ್ತಿಕೊಂಡು ತೊರಗಲ್ಲಿನಲ್ಲಿದ್ದ ತನ್ನ ಮಗಳು, ನನ್ನ ಅತ್ತಿಯ ಮನೆಗೆ ಹೋದಳು. ಈಗ ನಮ್ಮ ಮನೆ ಇದ್ದಲ್ಲಿ ಅಂಗಡಿ ಸಾಲು. ಆಯಿ ತೀರಿಕೊಂಡಾಗಲೂ ಆ ಟ್ರಂಕು ಅತ್ತಿಯ ಅಟ್ಟದ ಮೇಲೇ ಉಳಿದಿತ್ತು. ಈ ಬೇಸಿಗೆಯಲ್ಲಿ ಅತ್ತಿ ಅದನ್ನು ಕಳಿಸಿಕೊಟ್ಟಳು. ತಳದಲ್ಲಿ, ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ರೀಲು. ಹಿಡಿಕೆ ತಿರುಗಿಸಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಎಣ್ಣೆಯಿಂದಲೇ ಬಿಗಿದಿತ್ತೇ ಎಂಬುದು ಹಾಗೇ ಮುಚ್ಚಿಟ್ಟರೆ ಗೊತ್ತಾಗುವುದಿಲ್ಲ, ಬಿಚ್ಚಿದರೆ ಗೊತ್ತಾಗುತ್ತದೆ. ಎರಡಕ್ಕೂ ಹೆದರಿ ಹನ್ನೊಂದು ದಿನ ಕಳೆದು, ಕೊನೆಗೆ ಭೀಮಶಿ ಮಾಮಾನ ಮುಂದೆ ಇಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಅವನು ಸಮಾಧಾನ ಮಾಡಲಿಲ್ಲ. ಕನ್ನಡಕ ಏರಿಸಿ ನೋಡಿದ. “ಸುತ್ತಗಿ ಹಚ್ಚೂದಿಲ್ಲ ತಂಗಿ. ಬಿಗಿ ಐತಿ ಅಂದ್ರ ಅಚ್ಚು ಡೊಂಕಾಗಿರಬೇಕು, ಇಲ್ಲಾ ತುಕ್ಕು ಹಿಡಿದಿರಬೇಕು, ಇಲ್ಲಾ ಒಳಗ ಏನರ ಒಣಗಿ ಕುಂತಿರಬೇಕು. ಯಾವುದಂತ ತಿಳೀದ ಎಳದ್ರ ಅಚ್ಚು, ಗಾಲಿ ಎರಡೂ ಹೋಗ್ತಾವ.” ಮೊದಲ ದಿನ ಸ್ಕ್ರೂಗಳನ್ನಷ್ಟೇ ತೆಗೆದು, ತೆಗೆದ ಕ್ರಮದಲ್ಲಿ ಕಾಗದದ ಮೇಲೆ ಇಟ್ಟೆವು: ಆರು. ಎರಡನೆಯ, ಮೂರನೆಯ ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆವು, ಅಲುಗಲಿಲ್ಲ. ನಾಲ್ಕನೆಯ ದಿನ ಅಚ್ಚಿನ ಹೊರಗೆ ಕಾಣುವ ತುದಿಗೆ ಗುಣಿ ಎಂಬ ಮೂಲೆಮಟ್ಟ ಹಿಡಿದು ನೋಡಿ, “ಡೊಂಕಿಲ್ಲ, ತುಕ್ಕೂ ಇಲ್ಲ,” ಎಂದ. ಉಳಿದದ್ದು ಒಂದೇ ಕಾರಣ. ಐದನೆಯ ದಿನ ನೀರು ಕುದಿಸಿದ, ವಾಸನೆ ಎದ್ದಿತು. “ಕುಸುಬಿ ಎಣ್ಣಿ,” ಎಂದ ಮಾಮಾ. “ಒಣಗಿದ್ರ ವಾರ್ನಿಶ್ ಆಗ್ತೈತಿ. ಯಾರೂ ಮಷೀನಿಗೆ ಹಾಕೂದಿಲ್ಲ ಇದನ್ನ.”

ಅವನು ಬಟ್ಟೆ ಸುತ್ತಿ ಗಾಲಿಯನ್ನು ಹಿಡಿದು, ಎಳೆಯದೆ, ಆಚೆಗಿಷ್ಟು ಈಚೆಗಿಷ್ಟು ಆಡಿಸಿದ. ಮತ್ತೆ ಬಿಸಿನೀರು, ಮತ್ತೆ ಆಡಿಸುವುದು. ಏಳನೆಯ ಸಲಕ್ಕೆ ಗಾಲಿ ನಿಟ್ಟುಸಿರಿನಂಥ ಸದ್ದು ಮಾಡಿ ಕೈಗೆ ಬಂತು. ನಾನು ನೋಡಲಿಲ್ಲ. “ಇಲ್ಲಿ ನೋಡ್ ತಂಗಿ,” ಎಂದ. ಅಚ್ಚು ಒಳಗೆ ಹೊಳೆಯುತ್ತಿತ್ತು. ಅದರ ಮೇಲೆ ತೆಳ್ಳಗೆ ಕಪ್ಪು ಗ್ರೀಸು, ಬೆರಳಿಗೆ ಹತ್ತುವಷ್ಟು ಮೆತ್ತಗೆ. “ಇದು ಗೇಟಿನ ಗ್ರೀಸು. ನಿಮ್ಮ ಕಾಕಾಂದ ಕೈ. ನೀ ತೂತಿಗೆ ಹಾಕಿದ್ದಿ ಅಂದಿ. ಅದು ಇಲ್ಲಿಗೇ ಇಳೀಬೇಕು. ಒಂದ್ ಹನಿ ಇಲ್ಲ. ಬಿಚ್ಚಿ, ವರಸಿ, ತನ್ನ ಗ್ರೀಸ್ ಹಚ್ಚ್ಯಾನ. ಅವತ್ತ ಇದು ತಿರಗತಿತ್ತು.” ಕಾಕಾನಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಸಿಗೆಯಿಡೀ ಒಂದು ಮಾತು ಆಡಲಿಲ್ಲ.

“ಹಂಗಾದ್ರ ಈ ಎಣ್ಣಿ?” ಎಂದೆ. ಎಣ್ಣೆ ಇದ್ದದ್ದು ಹೊರಗೆ, ಗಾಲಿ ತಟ್ಟೆಗೆ ಕೂಡುವ ಅಂಚಿನ ಸುತ್ತ, ಬೆಲ್ಲದ ಪಾಕದಂತೆ ಗಟ್ಟಿಯಾಗಿ. ಮಾಮಾ ಬ್ಲೇಡಿನಿಂದ ಒಂದು ಚಕ್ಕೆ ಎಬ್ಬಿಸಿ ಭೂತಗನ್ನಡಿಯ ಕೆಳಗೆ ಇಟ್ಟ. ಹಳದಿ ಪದರ, ನಡುವೆ ಕೆಂಪು ಗೆರೆ, ಮತ್ತೆ ಹಳದಿ, ಹೀಗೆ ಒಂದರ ಮೇಲೊಂದು. ಕೆಂಪು ಕುಂಕುಮದ್ದು. ಅಲ್ಲಿಂದಲೇ ತೊರಗಲ್ಲಿಗೆ ಫೋನು ಹಚ್ಚಿ, ಆಯಿ ಈ ರೀಲಿಗೆ ಪೂಜೆ ಮಾಡುತ್ತಿದ್ದಳೇ ಎಂದು ಕೇಳಿದೆ.

“ಹೂಂ, ಖಂಡೇನವಮಿಗೆ ಕುಡಗೋಲು, ಈಳಿಗಿ ಪೂಜಿ ಮಾಡೂಮುಂದ ಅದನ್ನೂ ತಂದು ಇಡಾಕಿ,” ಎಂದಳು ಅತ್ತಿ. “ದೇವರ ಮನ್ಯಾಗ ಬೇ. ಒಂದ್ ಕಾಲದಾಗ ಹೊಸ್ತಿಲಾ ದಾಟಿಸಿದಾಕಿ ಅಲ್ಲ. ನಾ ನಕ್ರ ಬೈತಿದ್ಲು. ‘ಎಣ್ಣಿ ಇಲ್ಲಂದ್ರ ಮತ್ತ ಬಿಗಿತೈತಿ’ ಅಂತ ಸುತ್ತೂ ಹಚ್ಚಿ ಹಚ್ಚಿ ಇಡಾಕಿ.”

ಅಂಗಳದಲ್ಲಿ ಆಡಿದ ಆ ಮಾತು ಆಯಿಯ ಕಿವಿಗೂ ಬಿದ್ದಿತ್ತು. ಜೋಳದ ಚೀಲದ ಹಿಂದೆ ನಾನು ಹೆದರಿ ಕುಳಿತಿದ್ದಾಗ, ಗೋಡೆಯ ಆಚೆ ಅವಳೂ, ತಾನು ಹೊರಗಿಡಿಸಿದ್ದಕ್ಕೇ ರೀಲು ಬಿಗಿಯಿತೆಂದು, ಅದೇ ಹೆದರಿಕೆ ಹಿಡಿದು ಕುಳಿತಿದ್ದಳು. ಕಾಕಾ ಆ ಸಂಜೆ ನೀರಿಗೆ ಯಾಕೆ ಇಳಿದನೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಾನು ಭೂತಗನ್ನಡಿ ತೆಗೆದುಕೊಂಡು ಕೆಂಪು ಗೆರೆಗಳನ್ನು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ಒಂಬತ್ತು. ಕಾಕಾ ಹೋದ ಮೇಲೆ ಆಯಿ ಕಂಡ ಖಂಡೇನವಮಿಗಳು ಅಷ್ಟೇ.

“ಇದನ್ನೂ ವರಸಲೇನ?” ಎಂದ ಮಾಮಾ.

ಅಂಚನ್ನು ಹಾಗೇ ಬಿಡಲು ಬರುವುದಿಲ್ಲ, ಬಿಟ್ಟರೆ ಮತ್ತೆ ಬಿಗಿಯುತ್ತದೆ. ಒರೆಸೆಂದೆ. ಆ ಒಂದು ಚಕ್ಕೆಯನ್ನು ಮಾತ್ರ, ರೀಲಿನ ಜೊತೆ ತಂದಿದ್ದ ನನ್ನ ಹಳೆಯ ನೋಟುಪುಸ್ತಕದಲ್ಲಿ, ನಲವತ್ತೊಂದು ಗೀಟುಗಳ ಪುಟದ ಮೇಲೆ ಇಟ್ಟು ಮುಚ್ಚಿದೆ. ಮಾಮಾ ಗಾಲಿಯನ್ನು ಅಚ್ಚಿಗೆ ಏರಿಸಿ ಬೆರಳಿನಿಂದ ತಟ್ಟಿದ. ಕಿರ್ರೆಂದಿತು. ಬಹಳ ಹೊತ್ತು ತಿರುಗಿ, ತಾನಾಗಿಯೇ ನಿಂತಿತು.