ಅಜ್ಜಿ ಕೆಸರಿಗಿಳಿದ ಹಂಗಾಮು

ಆಗೆಲ್ಲ ಕಾಲುವೆಗೆ ನೀರು ಬಿಟ್ಟರೆಂದರೆ ನಮ್ಮ ಬಳಗಾನೂರಿನ ಹೆಂಗಸರ ಸೊಂಟ ತಿಂಗಳುಗಟ್ಟಲೆ ನೆಟ್ಟಗಾಗುತ್ತಿರಲಿಲ್ಲ. ನಾನು ಮೂರನೇ ಇಯತ್ತೆ. ನಮ್ಮಜ್ಜಿ ಈರಮ್ಮ ಊರಿನ ಶಿಶುವಿಹಾರದಲ್ಲಿ ದಾದಿ. ಭತ್ತದ ನಾಟಿಗೆ ಹೊರಟ ತಾಯಂದಿರು ಬೆಳಿಗ್ಗೆಯೇ ಕೂಸುಗಳನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಒಳಗೆ ಕಾಲಿಟ್ಟರೆ ಲೋಬಾನದ ಹೊಗೆ, ಕೊಬ್ಬರಿ ಎಣ್ಣೆ, ಉಚ್ಚೆ ಎಲ್ಲ ಕೂಡಿದ ಒಂದು ವಾಸನೆ. ನನಗೆ ಅದೇ ಅಜ್ಜಿಯ ವಾಸನೆ.

ಅವಳದೊಂದು ಕಾನೂನಿತ್ತು. ಪ್ರತಿ ಕೂಸಿನ ಜೋಲಿಯನ್ನು ಅದರ ತಾಯಿಯ ಸೀರೆಯಿಂದಲೇ ಕಟ್ಟಬೇಕು, ಅದೂ ಉಟ್ಟು ಬಿಟ್ಟದ್ದು. ಯಾರಾದರೂ ಒಗೆದು ಮಡಚಿ ತಂದರೆ, "ಈ ಕೂಸನ್ನ ಸಾಬಾನು ಹಡದೈತೇನ್ಬೇ? ನಿನ್ನಿ ಉಟ್ಟದ್ದು ತಾ," ಎಂದು ವಾಪಸು ಕಳಿಸುತ್ತಿದ್ದಳು. ತಾಯಿಯ ಬೆವರು ಮೂಗಿಗೆ ಬಿದ್ದರೆ ಎಂಥ ಹಟಮಾರಿಯೂ ನಿದ್ದೆ ಹೋಗುತ್ತಿತ್ತು.

ಆ ವರ್ಷ ಸಂತೆಕಲ್ಲೂರಿನಿಂದ ನಾಟಿಗೆ ಬಂದ ಗುಂಪಿನಲ್ಲಿ ಹುಲಿಗೆಮ್ಮ ಎಂಬಾಕೆ ಇದ್ದಳು. ಮೂರು ತಿಂಗಳ ಹೆಣ್ಣುಕೂಸು ಅವಳದು. ಆ ಕೂಸು ಮಾತ್ರ ಸೀರೆಗೂ ಸೋಲಲಿಲ್ಲ. ಚಮಚೆಯಲ್ಲಿ ಆಕಳ ಹಾಲು ಹಾಕಿದರೆ ಉಗುಳುತ್ತಿತ್ತು. ರಾತ್ರಿ ಕುಡಿದದ್ದು ಹಗಲಿಗೆ ಸಾಲುತ್ತಿರಲಿಲ್ಲ. ಎರಡು ದಿನ ಒಂದೇ ಸಮನೆ ಅತ್ತು, ಮೂರನೇ ದಿನ ಅಳುವುದನ್ನೂ ಬಿಟ್ಟಿತು. ನಮ್ಮಜ್ಜಿ ಹೆದರಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಉಳಿದ ಮಕ್ಕಳನ್ನು ಶಿಶುವಿಹಾರದ ಟೀಚರಮ್ಮನಿಗೆ ಒಪ್ಪಿಸಿ, ಕೂಸನ್ನೆತ್ತಿಕೊಂಡು ಗದ್ದೆಗೆ ನಡೆದಳು. ಶಾಲೆಯ ಊಟದ ಬಿಡುವಿಗೆ ಬಂದಿದ್ದ ನಾನೂ ಬೆನ್ನು ಹತ್ತಿದೆ. ಸಾಲಿನ ನಡುವೆ ಬಗ್ಗಿದ್ದ ಹುಲಿಗೆಮ್ಮ ಕೂಸನ್ನು ಕಂಡು ಎದ್ದು ನಿಂತಳು. ಬದುವಿನ ಮೇಲಿದ್ದ ಮೇಸ್ತ್ರಿ ಅಡ್ಡ ಬಂದ.

"ಯಮ್ಮಾ, ಗುತ್ತಿಗಿ ಕೆಲಸ ಐತಿ. ಒಬ್ಬಾಕಿ ಸಾಲು ಬಿಟ್ಲಂದ್ರ ಉಳಿದವ್ರ ಮ್ಯಾಲೆ ಭಾರ ಬೀಳತೈತಿ. ಸಂಜಿಗೆ ಕುಡಸ್ತಾಳ, ಹೋಗ್ರಿ."

"ಸಂಜಿತನ ಇದು ಉಳಿದ್ರ ಕುಡಸ್ತಾಳ," ಎಂದಳು ಅಜ್ಜಿ. "ಸಾಲಿನ್ಯಾಗ ಒಂದ್ ಆಳು ಕಡಿಮಿ ಆಗಬಾರದು, ಅಷ್ಟ ಹೌದಿಲ್ಲೋ?"

"ಹೌದ್ರಿ."

ಅಜ್ಜಿ ಹುಲಿಗೆಮ್ಮನನ್ನು ಬದುವಿಗೆ ಕರೆದು, "ಕೈ ತೊಳಕೊಂಡು ಕುಡಸು. ಗಡಿಬಿಡಿ ಮಾಡಬ್ಯಾಡ, ನಾ ಅದೀನಿ," ಎಂದು ಕೂಸನ್ನು ಕೊಟ್ಟಳು. ಇಸ್ತ್ರಿ ಮಾಡಿದ ಬಿಳಿ ಸೀರೆಗೆ ಕಚ್ಚೆ ಹಾಕಿ, ಸಸಿಯ ಕಟ್ಟು ಹಿಡಿದು ಕೆಸರಿಗೆ ಇಳಿದೇಬಿಟ್ಟಳು. ಮೇಸ್ತ್ರಿ ಬದುವಿನ ಮೇಲೆ ಸರಿದು ದಾರಿ ಬಿಟ್ಟ. ಕೂಸು ಲೊಚಲೊಚ ಕುಡಿಯುವ ಸದ್ದು ನನಗೂ ಕೇಳಿಸಿತು.

ಅಂದಿನಿಂದ ನಾಟಿ ಮುಗಿಯುವವರೆಗೂ ತನ್ನ ಊಟದ ಹೊತ್ತಿನಲ್ಲಿ ಅಜ್ಜಿ ಗದ್ದೆಗೆ ಹೋದಳು. ರೊಟ್ಟಿ, ಪುಂಡಿಪಲ್ಯ ದಾರಿಯಲ್ಲೇ ತಿಂದು ಮುಗಿಸುತ್ತಿದ್ದಳು. ಹುಲಿಗೆಮ್ಮನ ನಂತರ ಆ ಸಾಲಿನಲ್ಲಿದ್ದ ಇನ್ನೂ ಮೂವರು ಎಳೆಗೂಸಿನ ತಾಯಂದಿರ ಸರದಿ. ಹಂಗಾಮು ಮುಗಿಯುವುದರೊಳಗೆ ಕೂಸಿನ ಕೆನ್ನೆ ತುಂಬಿಕೊಂಡವು.

ನನಗೆ ಮಾತ್ರ ಮೊದಮೊದಲು ನಾಚಿಕೆ. ಕುಂಟಾಬಿಲ್ಲೆ ಆಡುವಾಗ ಗೆಳತಿಯರು, "ನಿಮ್ಮಜ್ಜಿ ನೌಕರಿ ಬಿಟ್ಟು ಕೂಲಿಗೆ ಹೋಗ್ಯಾಳಂತ?" ಎಂದು ಕಾಡಿಸಿದರು. ಮನೆಗೆ ಬಂದು ಅತ್ತುಬಿಟ್ಟೆ. ಕೆಸರಿಗೆ ಸೆಲೆತು ಹುಣ್ಣಾದ ಕಾಲ್ಬೆರಳಿಗೆ ಎಣ್ಣೆ ಹಚ್ಚುತ್ತಿದ್ದ ಅಜ್ಜಿ, "ಹೌದಂತ ಹೇಳು. ಹಚ್ಚಿದ ಸಾಲು ಸೊಟ್ಟ ಆಗ್ಯಾವಂತ ಮಾತ್ರ ಹೇಳಬ್ಯಾಡ," ಎಂದು ನಕ್ಕಳು. ಮರುದಿನ ನಾನು ಎದೆಯುಬ್ಬಿಸಿಕೊಂಡೇ ಹೇಳಿದೆ.

ಅಜ್ಜಿ ಹೋಗಿ ಆರು ವರ್ಷವಾಯಿತು. ನಾನೀಗ ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿನ ನರ್ಸು. ಅಜ್ಜಿ ಕನಸಿನಲ್ಲೂ ಕಾಣದ ಯಂತ್ರಗಳಿವೆ, ಅವನ್ನೆಲ್ಲ ಬಲ್ಲೆ. ಕಳೆದ ತಿಂಗಳು ಮಸ್ಕಿ ಕಡೆಯ ಬಾಣಂತಿಯೊಬ್ಬಳು ಬಾಗಿಲಲ್ಲಿ ನಿಂತು, "ಕೂಸನ್ನ ಒಂದ್ಸಲ ಎತ್ಕೊಳ್ಳಲೇನ್ರಿ ಅಕ್ಕಾ?" ಎಂದಳು. "ಟೈಮ್ ಮುಗದೈತಿ, ನಾಳೆ ಬಾ," ಎಂದೆ. ಆಕೆ ಬಾಗಿಲಿಂದಲೇ ಕೂಸನ್ನು ನೋಡಿ ಹೋದಳು.

ಬಳಗಾನೂರಿಗೆ ಹೋದರೆ ಜನ ಇಂದಿಗೂ "ಈರಮ್ಮನ ಮೊಮ್ಮಗಳು" ಎಂದು ಸರಿದು ಕೂತು ಜಾಗ ಕೊಡುತ್ತಾರೆ. ಹೆಮ್ಮೆಯಿಂದಲೇ ಕೂರುತ್ತೇನೆ. ಆದರೆ ಆ ಬಾಣಂತಿ ಎಲ್ಲಾದರೂ ಎದುರಾದರೆ, ನಾನು ಯಾರ ಮೊಮ್ಮಗಳೆಂದು ಅವಳಿಗೆ ಹೇಳಲಾರೆ.